ಒಂದೇ ಅಂಕಕ್ಕೆ ಮಗುವನ್ನು ಒಪ್ಪಿಸಬಾರದು

ನಾನಿರುವ ಕ್ಯಾಲಿಫೋರ್ನಿಯಾದಲ್ಲಿ ಮಗು ಓದಿನಲ್ಲಿ ಹಿಂದುಳಿದಿದೆ ಎಂದು ವಿಶೇಷ ಶಿಕ್ಷಣಕ್ಕೆ ಪರಿಗಣಿಸಬೇಕಾದರೆ, ತಂದೆತಾಯಿಯ ಲಿಖಿತ ಒಪ್ಪಿಗೆ ಇಲ್ಲದೆ ಪರೀಕ್ಷಿಸುವಂತಿಲ್ಲ. ಪರೀಕ್ಷಿಸಿದರೂ ಒಂದೇ ಪರೀಕ್ಷೆಯ ಅಂಕ ನೆಚ್ಚಿ ತೀರ್ಮಾನಿಸುವಂತಿಲ್ಲ. ಸಾಧ್ಯವಾದಷ್ಟೂ ಮನೆಮಾತಿನಲ್ಲೇ ಪರೀಕ್ಷಿಸಬೇಕು. ಇದು ಇಡೀ ಅಮೆರಿಕದ ಕಾನೂನು. ನನ್ನ ಮಗನಿಗಾಗಿ ಇಂಥದೊಂದು ಸಭೆ ನಡೆದಾಗ ಶಾಲೆಯವರು ಮೊದಲು ಕೇಳಿದ್ದು, "ಇವನು ಏನನ್ನು ಖುಷಿಯಿಂದ ಮಾಡುತ್ತಾನೆ?" ಎಂದು. ಅಂಕಗಳ ಹಾಳೆ ಆಮೇಲೆ ಬಂತು. ಅದರ ಜೊತೆಗೆ, ತರಗತಿಯಲ್ಲಿ ಅವನು ಯಾವಾಗ ಮಂಕಾಗುತ್ತಾನೆ, ಯಾವಾಗ ಕೈ ಎತ್ತುತ್ತಾನೆ ಎಂದು ಶಿಕ್ಷಕಿ ಬರೆದಿಟ್ಟ ಟಿಪ್ಪಣಿಯೂ ಇತ್ತು.

ಈ ಎಚ್ಚರ ಪೆಟ್ಟು ತಿಂದೇ ಬಂದದ್ದು. 1905ರಲ್ಲಿ ಪ್ಯಾರಿಸ್‌ನಲ್ಲಿ ಆಲ್ಫ್ರೆಡ್ ಬಿನೆ ಮತ್ತು ಸಿಮೋನ್ ಬುದ್ಧಿಶಕ್ತಿಯ ಪರೀಕ್ಷೆ ರೂಪಿಸಿದ್ದು ಹೆಚ್ಚಿನ ನೆರವು ಬೇಕಾದ ಮಕ್ಕಳನ್ನು ಗುರುತಿಸಲು. 1916ರಲ್ಲಿ ಅದನ್ನು ಅಮೆರಿಕಕ್ಕೆ ಒಗ್ಗಿಸಿದ ಸ್ಟ್ಯಾನ್‌ಫರ್ಡ್‌ನ ಲೂಯಿಸ್ ಟರ್ಮನ್ ಕೈಯಲ್ಲಿ ಅದು ಜನರನ್ನು ಮೇಲು-ಕೀಳೆಂದು ವಿಂಗಡಿಸುವ ಸಾಧನವಾಯಿತು. ಪ್ರತಿಭಾವಂತ ಮಕ್ಕಳ ಅಧ್ಯಯನಕ್ಕೆ ಅವರು ಆಯ್ಕೆ ನಡೆಸಿದಾಗ ಅಂಕ ಸಾಲದೆ ಹೊರಗುಳಿದ ಶಾಕ್ಲಿ ಮತ್ತು ಆಲ್ವರೆಜ್ ಮುಂದೆ ಭೌತಶಾಸ್ತ್ರದ ನೊಬೆಲ್ ಪಡೆದರು. ಅವರು ಹೇಗೋ ದಾಟಿಕೊಂಡರು. ಐಕ್ಯೂ ನೋಡಿ ಬುದ್ಧಿಮಾಂದ್ಯರ ತರಗತಿಗೆ ತಳ್ಳಲ್ಪಟ್ಟ ಕಪ್ಪು ಮಕ್ಕಳು ದಾಟಲಾಗಲಿಲ್ಲ. ಸ್ಯಾನ್‌ಫ್ರಾನ್ಸಿಸ್ಕೋದ ಪೋಷಕರು ನ್ಯಾಯಾಲಯದ ಮೆಟ್ಟಿಲೇರಿದ ಮೇಲೆ, 1979ರಲ್ಲಿ, ಈ ರಾಜ್ಯದಲ್ಲಿ ಆ ಪದ್ಧತಿಗೆ ತಡೆ ಬಿತ್ತು.

ಕನ್ನಡ ನಾಡಿಗೂ ಈ ಪರೀಕ್ಷೆ ಹೊಸದಲ್ಲ. 1930ರ ದಶಕದಲ್ಲೇ ವಿ.ವಿ. ಕಾಮತ್ ಅವರು ಅದನ್ನು ಕನ್ನಡ, ಮರಾಠಿ ಮಕ್ಕಳಿಗೆ ಒಗ್ಗಿಸಿದರು. ಮಗುವನ್ನು ಅದರ ನುಡಿಯಲ್ಲೇ ಕೇಳಬೇಕೆಂದು ಅಷ್ಟು ಹಿಂದೆಯೇ ದುಡಿದವರು ನಮ್ಮಲ್ಲಿದ್ದರು ಎಂಬುದು ನನಗೆ ನಿಜಕ್ಕೂ ಹೆಮ್ಮೆ. ಬಿನೆ-ಕಾಮತ್ ಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ. ತೊಡಕೆಂದರೆ ಅದರ ಮಾನದಂಡ, ಅಂದರೆ ಅಂಕ ಹೋಲಿಸಲು ಇಟ್ಟುಕೊಂಡ ಮಕ್ಕಳ ಸರಾಸರಿ, ಹಳೆಯದು. ಕಳೆದ ಶತಮಾನದಲ್ಲಿ ಹಲವು ದೇಶಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಅಂಕಗಳು ಏರುತ್ತಾ ಬಂದವು. ಅಮೆರಿಕದಲ್ಲಿ ದಶಕಕ್ಕೆ ಸುಮಾರು 3 ಅಂಕ ಏರಿದ್ದನ್ನು ಸಂಶೋಧಕ ಜೇಮ್ಸ್ ಫ್ಲಿನ್ ತೋರಿಸಿಕೊಟ್ಟರು. ಹಳೆಯ ಮಾನದಂಡದಲ್ಲಿ ಅಳೆದರೆ ಇಂದಿನ ಮಗುವಿಗೆ ಅಂಕ ಹೆಚ್ಚೇ ಬರುತ್ತದೆ. ಬುದ್ಧಿಮಾಂದ್ಯವೆಂದು ಗುರುತಿಸಲು ಸಾಮಾನ್ಯವಾಗಿ ಎಳೆಯುವ 70 ಅಂಕದ ಗೆರೆಯ ಆಸುಪಾಸಿನ ಮಗುವಿಗೆ ಸಿಗಬೇಕಾದ ನೆರವು ಅಲ್ಲೇ ತಪ್ಪಿಹೋಗುತ್ತದೆ.

ಊರಿಗೆ ಬಂದಾಗಲೆಲ್ಲ ಪಿಯು ಕಾಲೇಜುಗಳ ಮುಂದೆ ರ‍್ಯಾಂಕ್ ಬಂದವರ ಫ್ಲೆಕ್ಸ್ ನೋಡುತ್ತೇನೆ. ಆ ಮಕ್ಕಳ ಶ್ರಮಕ್ಕೆ ನನ್ನ ಗೌರವವಿದೆ. ಆದರೆ ಮೇಲಿನವರನ್ನು ಹೆಕ್ಕಲು ಇಷ್ಟು ಖರ್ಚು ಮಾಡುವ ನಾವು, ಹಿಂದುಳಿದ ಮಗುವನ್ನು ಸರಿಯಾಗಿ ಗುರುತಿಸಲು ಕೈ ಬಿಗಿ ಹಿಡಿಯುವುದು ಏಕೆ? ರಾಯಚೂರು, ಚಾಮರಾಜನಗರದ ಈಗಿನ ಮಕ್ಕಳನ್ನು ಮುಂದಿಟ್ಟುಕೊಂಡು ಮಾನದಂಡವನ್ನು ಹೊಸದಾಗಿ ಕಟ್ಟಬೇಕು. ಲಂಬಾಣಿ, ಉರ್ದು, ತುಳು ಮನೆಮಾತಿನವರಿಗೆ ಅವರ ನುಡಿಯಲ್ಲೇ ಪ್ರಶ್ನೆ ಕೇಳಬೇಕು. ಅಂಕದ ಪಕ್ಕದಲ್ಲಿ, ಆ ಮಗುವನ್ನು ದಿನವೂ ನೋಡುವ ಮೇಷ್ಟರ ಟಿಪ್ಪಣಿಗೂ ಜಾಗ ಇರಬೇಕು.