ಕೆರೆಗೆ ಬರುವ ನೀರು ಹೊರಡುವುದು ಎಲ್ಲಿಂದ?

ಕೋಲಾರದ ನಮ್ಮ ಬೀದಿಯ ತಿರುವಿನಲ್ಲಿರುವ ಮ್ಯಾನ್‌ಹೋಲ್ ಈ ಮಳೆಗಾಲದಲ್ಲಿ ಮೂರನೆಯ ಸಲ ಉಕ್ಕಿತು. ಜೆಟ್ಟಿಂಗ್ ಗಾಡಿ ಬಂದು, ಒತ್ತಡದ ನೀರು ಬಿಟ್ಟು, ಒಂದೂವರೆ ಗಂಟೆ ಹೆಣಗಾಡಿದ ಮೇಲೆ ಒಳಗಿನಿಂದ ಬಿಳಿಚಿಕೊಂಡ, ಬಟ್ಟೆಸೋಪಿನಷ್ಟು ಗಟ್ಟಿಯಾದ ಮುದ್ದೆಯೊಂದು ಹೊರಬಿತ್ತು. ಅದಕ್ಕೆ ಅಂಟಿಕೊಂಡು ಪ್ಯಾಡುಗಳು, ಬಟ್ಟೆಯ ಚೂರುಗಳು, ಒಂದೆರಡು ಹಾಲಿನ ಪ್ಯಾಕೆಟ್ಟುಗಳು. ಗಾಡಿಯ ಹುಡುಗ ಅದನ್ನು ಸಲಾಕೆಯಲ್ಲಿ ಪಕ್ಕಕ್ಕೆ ತಳ್ಳುತ್ತ, "ಹೋಟ್ಲು ಜಿಡ್ಡು ಸಾರ್ ಇದು. ನೀರು ಬಿಟ್ರೆ ಕರಗಲ್ಲ, ಒಡೀಬೇಕು" ಎಂದ. ಬಹುಕಾಲ ರಸಾಯನಶಾಸ್ತ್ರ ಪಾಠ ಮಾಡಿದ ನನಗೆ ಅವನ ಮಾತು ನೂರಕ್ಕೆ ನೂರು ಸರಿ ಎನ್ನಿಸಿತು. ಕರಿದು ಉಳಿದ ಎಣ್ಣೆ ಕೊಳವೆಯೊಳಗೆ ತಣ್ಣಗಾಗಿ ಗೋಡೆಗೆ ಹತ್ತಿಕೊಳ್ಳುತ್ತದೆ. ಅದರಲ್ಲಿರುವ ಕೊಬ್ಬಿನಾಮ್ಲಗಳು ನೀರಿನ ಮತ್ತು ಕಾಂಕ್ರೀಟಿನ ಕ್ಯಾಲ್ಸಿಯಂ ಜೊತೆ ಸೇರಿ ನೀರಿನಲ್ಲಿ ಕರಗದ ಸಾಬೂನಾಗುತ್ತವೆ. ನಮ್ಮ ಕೊಳವೆಬಾವಿಗಳ ಗಡಸು ನೀರಿಗೆ ಈ ಕೆಲಸ ಇನ್ನಷ್ಟು ಸಲೀಸು.

ಬೀದಿಯವರೆಲ್ಲ ಹೋಟೆಲಿನವರನ್ನು ಬಯ್ದರು, ನಾನೂ ದನಿಗೂಡಿಸಿದೆ. ಆಮೇಲೆ ಮನೆಗೆ ಬಂದು ಹಿಂಬದಿಯ ಛೇಂಬರಿನ ಮುಚ್ಚಳ ತೆಗೆದು ನೋಡಿದಾಗ, ಹನ್ನೆರಡು ವರ್ಷದ ಹಿಂದೆ ಮೇಸ್ತ್ರಿ ನಮ್ಮ ತಾರಸಿಯ ಮಳೆನೀರಿನ ಪೈಪನ್ನು ನೇರವಾಗಿ ಯುಜಿಡಿಗೇ, ಅಂದರೆ ಒಳಚರಂಡಿಗೇ, ಇಳಿಸಿದ್ದು ಕಂಡಿತು. ಒಳಚರಂಡಿಯ ಕೊಳವೆಯ ಅಳತೆಯನ್ನು ಮನೆಗಳ ಬಳಕೆ ನೀರಿನ ಲೆಕ್ಕದಲ್ಲಿ ಹಾಕಿರುತ್ತಾರೆ, ಮಳೆಯ ಲೆಕ್ಕದಲ್ಲಿ ಅಲ್ಲ. ಮಳೆನೀರಿಗೆ ರಸ್ತೆ ಬದಿಯ ಚರಂಡಿಯೇ ಬೇರೆ. ನೂರು ಚದರ ಮೀಟರಿನ ತಾರಸಿಯ ಮೇಲೆ ಐದು ಸೆಂಟಿಮೀಟರ್ ಮಳೆ ಬಿದ್ದರೆ ಐದು ಸಾವಿರ ಲೀಟರ್. ಬೀದಿಯ ಹತ್ತು ಮನೆಗಳು ನನ್ನಂತೆಯೇ ಮಾಡಿದ್ದರೆ, ಜಿಡ್ಡು ಕಟ್ಟಿ ಅರ್ಧ ಮುಚ್ಚಿದ ಆ ಕೊಳವೆ ಐವತ್ತು ಸಾವಿರ ಲೀಟರನ್ನು ಎಲ್ಲಿ ಹಿಡಿದೀತು? ಹೀಗಾಗಿ ಈ ಬರಹವನ್ನು ತಪ್ಪಿತಸ್ಥರ ಸಾಲಿನಲ್ಲಿ ನಿಂತೇ ಬರೆಯುತ್ತಿದ್ದೇನೆ ಎಂದು ತಿಳಿಯಿರಿ.

ಒಳಚರಂಡಿಗೆ ಏನು ಬೇಕಾದರೂ ಬಿಡಬಹುದೆಂದು ನಾವು ನಂಬಿರುವಂತೆ ಕಾನೂನು ನಂಬಿಲ್ಲ. 1974ರ ಜಲ ಮಾಲಿನ್ಯ ನಿಯಂತ್ರಣ ಕಾಯ್ದೆಯ 24ನೆಯ ಕಲಮು, ವಿಷಕಾರಿ ಅಥವಾ ಮಲಿನಗೊಳಿಸುವ ವಸ್ತುವನ್ನು ತಿಳಿದೂ ತಿಳಿದೂ ಹೊಳೆಗೋ ಬಾವಿಗೋ ಬಿಡುವಂತಿಲ್ಲ ಎಂದಿತ್ತು. 1988ರ ತಿದ್ದುಪಡಿಯಲ್ಲಿ ಒಳಚರಂಡಿಯನ್ನೂ ನೆಲವನ್ನೂ ಅದಕ್ಕೆ ಸೇರಿಸಲಾಯಿತು. ಉದ್ದಿಮೆಯ ತ್ಯಾಜ್ಯ ನೀರನ್ನು ಒಳಚರಂಡಿಗೆ ಬಿಡಬೇಕಾದರೂ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಬೇಕೆಂದು 25ನೆಯ ಕಲಮು ಹೇಳುತ್ತದೆ. ಎಷ್ಟು ಬಿಡಬಹುದು ಎಂಬ ಪಟ್ಟಿ 1986ರ ಪರಿಸರ ಸಂರಕ್ಷಣಾ ನಿಯಮಗಳ ಆರನೆಯ ಅನುಸೂಚಿಯಲ್ಲಿದೆ. ಆ ಪಟ್ಟಿಯನ್ನು ಒಮ್ಮೆ ಸಾವಧಾನವಾಗಿ ಓದಬೇಕು, ಏಕೆಂದರೆ ಅದರ ಹಿಂದಿರುವ ಲೆಕ್ಕಾಚಾರ ಅಂಕಿಗಳಲ್ಲೇ ಕಾಣುತ್ತದೆ.

ಕೆರೆ, ಹೊಳೆಗಳಿಗೆ ನೇರವಾಗಿ ಬಿಡುವ ನೀರಿನ ಬಿಓಡಿ, ಅಂದರೆ ಅದರಲ್ಲಿನ ಕೊಳೆಯುವ ಪದಾರ್ಥವನ್ನು ಅರಗಿಸಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕ, ಲೀಟರಿಗೆ 30 ಮಿಲಿಗ್ರಾಂ ಮೀರಬಾರದು. ಒಳಚರಂಡಿಗಾದರೆ 350ರವರೆಗೆ ಅನುಮತಿ ಇದೆ. ತೇಲುವ ಘನಕಣಗಳಿಗೆ ಅಲ್ಲಿ 100, ಇಲ್ಲಿ 600. ಎಣ್ಣೆ ಜಿಡ್ಡಿಗೆ ಅಲ್ಲಿ 10, ಇಲ್ಲಿ 20. ಈ ಸಡಿಲಿಕೆ ಔದಾರ್ಯವಲ್ಲ. ಕೊಳವೆಯ ಆ ತುದಿಯಲ್ಲಿ ಒಂದು ಶುದ್ಧೀಕರಣ ಘಟಕವಿದೆ, ಅಲ್ಲಿನ ಬ್ಯಾಕ್ಟೀರಿಯಾಗಳು ಉಳಿದದ್ದನ್ನು ತಿಂದು ಮುಗಿಸುತ್ತವೆ ಎಂಬ ಭರವಸೆಯ ಮೇಲೆ ಕೊಟ್ಟ ರಿಯಾಯಿತಿ. ಆಸ್ಪತ್ರೆಗಳ ವಿಷಯದಲ್ಲಿ ಇದನ್ನು ಬಿಡಿಸಿಯೇ ಹೇಳಲಾಗಿದೆ. ಕೊನೆಯಲ್ಲಿ ಶುದ್ಧೀಕರಣ ಘಟಕವಿರುವ ಒಳಚರಂಡಿಗೆ ಬಿಡುವ ಆಸ್ಪತ್ರೆಗೆ ಈ ಸಾಮಾನ್ಯ ಮಿತಿ. ಘಟಕವಿಲ್ಲದ ಕೊಳವೆಗೆ ಬಿಡುವ ಆಸ್ಪತ್ರೆಗೆ ಬಿಓಡಿ 30, ಜಿಡ್ಡು 10, ಮೇಲಾಗಿ ಆ ನೀರಿನಲ್ಲಿ ಬಿಟ್ಟ ಮೀನುಗಳಲ್ಲಿ ಶೇಕಡ 90ರಷ್ಟು 96 ಗಂಟೆಯ ನಂತರವೂ ಬದುಕಿರಬೇಕು ಎಂಬ ಪರೀಕ್ಷೆ. ನಮ್ಮ ಊರುಗಳ ನರ್ಸಿಂಗ್ ಹೋಮುಗಳಲ್ಲಿ ಯಾರಾದರೂ ಮೀನು ಬಿಟ್ಟು ನೋಡಿದ್ದನ್ನು ನಾನಂತೂ ಕಂಡಿಲ್ಲ.

ಆದರೆ ಬ್ಯಾಕ್ಟೀರಿಯಾ ಎಲ್ಲವನ್ನೂ ತಿನ್ನುವುದಿಲ್ಲ. ಅನ್ನದ ಗಂಜಿ, ಹಾಲು, ಮಲಮೂತ್ರ ಅವುಗಳಿಗೆ ಆಹಾರ, ಪಾದರಸ ಆಹಾರವಲ್ಲ. ಪಾದರಸಕ್ಕೆ ಹೊಳೆಯಲ್ಲೂ 0.01, ಒಳಚರಂಡಿಯಲ್ಲೂ 0.01, ಆರ್ಸೆನಿಕ್‌ಗೆ ಎರಡೂ ಕಡೆ 0.2. ಇಲ್ಲಿ ರಿಯಾಯಿತಿ ಕೊಟ್ಟು ಪ್ರಯೋಜನವಿಲ್ಲವೆಂದು ನಿಯಮ ಬರೆದವರಿಗೆ ಗೊತ್ತಿತ್ತು. ಕ್ಯಾಡ್ಮಿಯಂಗೆ ಹೊಳೆಗಿಂತ ಒಳಚರಂಡಿಯಲ್ಲೇ ಬಿಗಿ: ಅಲ್ಲಿ 2, ಇಲ್ಲಿ 1. ಆದರೆ ಸೀಸಕ್ಕೆ ಹೊಳೆಯಲ್ಲಿ 0.1 ಇದ್ದದ್ದು ಒಳಚರಂಡಿಯಲ್ಲಿ 1 ಆಗುತ್ತದೆ, ಲೋಹಕ್ಕೆ ಮುಲಾಮು ಹಾಕುವ (ಎಲೆಕ್ಟ್ರೋಪ್ಲೇಟಿಂಗ್) ಅಂಗಡಿಗಳಿಂದ ಬರುವ ಆರು ವೇಲೆನ್ಸಿಯ ಕ್ರೋಮಿಯಂಗೆ 0.1 ಇದ್ದದ್ದು 2 ಆಗುತ್ತದೆ, ಅಂದರೆ ಇಪ್ಪತ್ತು ಪಟ್ಟು. ಇದು ನನಗೆ ಒಪ್ಪಿಗೆಯಾಗದ ಜಾಗ. ಲೋಹ ಘಟಕದೊಳಗೆ ಹೋಗಿ ಮಾಯವಾಗುವುದಿಲ್ಲ. ಒಂದು ಪಾಲು ಕೆಸರಿನಲ್ಲಿ ಕೂರುತ್ತದೆ, ಉಳಿದದ್ದು ನೀರಿನೊಂದಿಗೆ ಮುಂದೆ ಸಾಗುತ್ತದೆ. ಕೆಸರನ್ನು ಗೊಬ್ಬರವೆಂದು ಹೊಲಕ್ಕೆ ಒಯ್ಯುವವರಿದ್ದಾರೆ. ಇನ್ನು ನೀರು ಮುಂದೆ ಎಲ್ಲಿಗೆ ಸಾಗುತ್ತದೆಂಬುದನ್ನು ಕೋಲಾರದವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

2018ರ ಜೂನ್‌ನಲ್ಲಿ ಬೆಂಗಳೂರಿನ ಕೋರಮಂಗಲ, ಚಲ್ಲಘಟ್ಟ ಕಣಿವೆಯ (ಕೆ.ಸಿ. ವ್ಯಾಲಿ) ಶುದ್ಧೀಕರಿಸಿದ ಒಳಚರಂಡಿ ನೀರು ನಮ್ಮ ಲಕ್ಷ್ಮೀಸಾಗರ ಕೆರೆಗೆ ಇಳಿದಾಗ ಜನ ಪೂಜೆ ಮಾಡಿದರು. ಮುಂದಿನ ತಿಂಗಳೇ ನೊರೆ ಕಾಣಿಸಿಕೊಂಡು ಹೈಕೋರ್ಟು ನೀರು ಹರಿಸುವುದನ್ನು ಕೆಲಕಾಲ ತಡೆಹಿಡಿಯಿತು, ಆಮೇಲೆ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಕೋರಮಂಗಲ, ಚಲ್ಲಘಟ್ಟ ಕಣಿವೆಯಿಂದ ನಮ್ಮ ಕಡೆಗೆ ದಿನಕ್ಕೆ 44 ಕೋಟಿ ಲೀಟರ್, ಹೆಬ್ಬಾಳ, ನಾಗವಾರ ಕಣಿವೆಯಿಂದ ಚಿಕ್ಕಬಳ್ಳಾಪುರದ ಕಡೆಗೆ 21 ಕೋಟಿ ಲೀಟರ್ ಎಂಬುದು ಯೋಜನೆಗಳ ಲೆಕ್ಕ. ಎರಡೂ ಎರಡನೆಯ ಹಂತದ, ಅಂದರೆ ಬ್ಯಾಕ್ಟೀರಿಯಾ ಕೊಳೆಯನ್ನು ತಿಂದು ಮುಗಿಸುವ ಹಂತದ, ಶುದ್ಧೀಕರಣ ಮುಗಿಸಿದ ನೀರು. ನೀರು ಬಂದಮೇಲೆ ಬತ್ತಿದ ಬಾವಿಗಳಲ್ಲಿ ಊಟೆ ಕಂಡದ್ದನ್ನು ನಾನು ಅಲ್ಲಗಳೆಯುವುದಿಲ್ಲ. ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆಯಲ್ಲಿ ಸಾವಿರ ಅಡಿ ಕೊರೆದು ಫ್ಲೋರೈಡ್ ಕುಡಿದವರಿಗೆ ತುಂಬಿದ ಕೆರೆಯ ಬೆಲೆ ಗೊತ್ತು. ಆಮೇಲೂ ಉಳಿದ ಕಶ್ಮಲ ತೆಗೆಯುವ ಮೂರನೆಯ ಹಂತದ ಶುದ್ಧೀಕರಣ ಬೇಕೆಂಬ ಮನವಿಗೆ ನಾನೂ ಸಹಿ ಹಾಕಿದವನೇ, ಈಗಲೂ ಹಾಕುತ್ತೇನೆ.

ನನ್ನ ತಕರಾರು ಬೇರೆ. ಈ ಚರ್ಚೆಯಲ್ಲಿ ನಾವು ಕೊಳವೆಯ ನಮ್ಮ ತುದಿಯನ್ನು ಮಾತ್ರ ನೋಡುತ್ತಿದ್ದೇವೆ. ಬೆಳ್ಳಂದೂರು ಕೆರೆಯ ನೊರೆಗೆ 2015ರಲ್ಲಿ ಬೆಂಕಿ ಹತ್ತಿಕೊಂಡದ್ದನ್ನು ದೇಶವೇ ನೋಡಿತು. ಅದು ಇದೇ ಕಣಿವೆಯ ಕೆರೆ. ಆ ಕಣಿವೆಯ ಲಾಂಡ್ರಿ, ಗ್ಯಾರೇಜು, ಪ್ರಯೋಗಾಲಯ, ಮುಲಾಮು ಅಂಗಡಿಗಳು ಕೊಳವೆಗೆ ಏನು ಬಿಡುತ್ತಿವೆ, ಅವುಗಳ ಕೊನೆಯ ಛೇಂಬರಿನಿಂದ ಯಾರು, ಯಾವಾಗ ಮಾದರಿ ತೆಗೆದರು, ಫಲಿತಾಂಶವೇನು ಎಂದು ಕೇಳುವ ಹಕ್ಕು ಅಲ್ಲಿನವರಿಗಿಂತ ಹೆಚ್ಚಾಗಿ ನಮಗಿದೆ. ಘಟಕದ ಬಾಗಿಲಿಗೆ ಬಂದಮೇಲೆ 44 ಕೋಟಿ ಲೀಟರಿನಲ್ಲಿ ಬೆರೆತ ಒಂದು ಹಿಡಿ ಕ್ರೋಮಿಯಂ ಅನ್ನು ಹೆಕ್ಕಿ ತೆಗೆಯುವ ಖರ್ಚಿನ ಮುಂದೆ, ಅದು ಅಂಗಡಿಯ ಒಂದು ಡ್ರಮ್ಮಿನಲ್ಲಿದ್ದಾಗಲೇ ತಡೆಯುವ ಖರ್ಚು ಏನೂ ಅಲ್ಲ. ನಮ್ಮ ಮನವಿಗಳಲ್ಲಿ ಈ ಸಾಲು ಇದುವರೆಗೆ ಬಂದದ್ದನ್ನು ನಾನು ಓದಿಲ್ಲ.

ಬೆಂಗಳೂರಿಗೆ ಹಾಗೆ ಕೇಳುವ ಮೊದಲು ನಮ್ಮ ಮನೆಯ ಕಡೆಯೂ ನೋಡಿಕೊಳ್ಳಬೇಕಾಗುತ್ತದೆ. ಶಿಡ್ಲಘಟ್ಟದಲ್ಲಿ ನನ್ನ ಭಾವಮೈದ ರೀಲರ್, ಗೂಡಿನಿಂದ ರೇಷ್ಮೆ ನೂಲು ತೆಗೆಯುವವನು. ಗೂಡು ಬೇಯಿಸಿದ ನೀರಿನಲ್ಲಿ ರೇಷ್ಮೆಯ ಅಂಟು, ಅಂದರೆ ಸೆರಿಸಿನ್ ಎಂಬ ಪ್ರೋಟೀನು, ಸತ್ತ ಹುಳುವಿನ ಕೊಬ್ಬು ಎಲ್ಲವೂ ಇರುತ್ತವೆ. ಒಂದು ದಿನ ನಿಂತರೆ ಆ ಬೀದಿಯಲ್ಲಿ ಮೂಗು ಮುಚ್ಚದೆ ನಡೆಯಲಾಗದು. ಇದು ವಿಷವಲ್ಲ, ಬ್ಯಾಕ್ಟೀರಿಯಾ ಸಂತೋಷವಾಗಿ ತಿನ್ನುವ ವಸ್ತು. ಆದರೆ ತಿನ್ನುವ ಘಟಕದವರೆಗೆ ಅದು ತಲುಪಬೇಕಲ್ಲ! "ಭಾವ, ನಾವು ಬೇಸಿನ್ ನೀರು ಚರಂಡಿಗೆ ಬಿಡ್ತೀವಿ, ಚರಂಡಿ ಎಲ್ಲಿಗೆ ಹೋಗುತ್ತೋ ಅದು ಮುನಿಸಿಪಾಲ್ಟಿಯವರ ಕೆಲಸ" ಎನ್ನುತ್ತಾನೆ ಅವನು. ಹತ್ತು ರೀಲರುಗಳು ಸೇರಿ ಹುಳು, ಜಿಡ್ಡು ಇಳಿಯುವ ಒಂದು ಸೆಟ್ಲಿಂಗ್ ತೊಟ್ಟಿ ಕಟ್ಟಿಕೊಂಡರೆ ಅರ್ಧ ಸಮಸ್ಯೆ ಅಲ್ಲೇ ನಿಲ್ಲುತ್ತದೆ. ಗಿರಣಿಯೊಡೆಯನಿಗೆ ಅನ್ವಯಿಸುವ ಪೂರ್ತಿ ನಿಯಮವನ್ನು ನಾಲ್ಕು ಬೇಸಿನ್ನಿನ ಸಂಸಾರದ ಮೇಲೆ ಹೇರುವುದು ನ್ಯಾಯವಲ್ಲ. ಹಾಗೆಂದು ಸಣ್ಣವರೆಂಬ ಕಾರಣಕ್ಕೆ ಏನೂ ಕೇಳದೆ ಬಿಡುವುದೂ ಸರಿಯಲ್ಲ, ಏಕೆಂದರೆ ಸಣ್ಣವರೇ ನೂರಾರು ಮಂದಿ ಇದ್ದಾರೆ.

ಹೋಟೆಲುಗಳ ವಿಷಯ ಇದಕ್ಕಿಂತ ಸುಲಭ. ಪಾತ್ರೆ ತೊಳೆಯುವ ತೊಟ್ಟಿಗೂ ಛೇಂಬರಿಗೂ ನಡುವೆ ಗ್ರೀಸ್ ಟ್ರ್ಯಾಪ್ ಇಟ್ಟರೆ ಜಿಡ್ಡು ಮೇಲೆ ತೇಲಿ ಅಲ್ಲೇ ಉಳಿಯುತ್ತದೆ, ವಾರಕ್ಕೊಮ್ಮೆ ಬಳಿದು ತೆಗೆದರಾಯಿತು. ಲೈಸೆನ್ಸ್ ನವೀಕರಿಸುವಾಗ ಬೋರ್ಡಿನ ಅಳತೆ ಕೇಳುವವರು ಇದರ ಫೋಟೋ ಒಂದನ್ನು ಕೇಳಬಹುದು. ನಮ್ಮ ಬೀದಿಯ ಹೋಟೆಲಿನ ಮಾಲೀಕರನ್ನು ವಿಚಾರಿಸಿದೆ. ಹದಿನಾರು ವರ್ಷದಲ್ಲಿ ಯಾರೂ ಕೇಳಿಲ್ಲವಂತೆ.

ಇದೆಲ್ಲದರಲ್ಲಿ ನನ್ನನ್ನು ಹೆಚ್ಚು ಕಾಡುವುದು ಕೆರೆಯೂ ಅಲ್ಲ, ವಾಸನೆಯೂ ಅಲ್ಲ. ಗಾಳಿಯಾಡದ ಕೊಳವೆಯಲ್ಲಿ ಕೊಳೆ ನಿಂತರೆ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಸ್ವಲ್ಪವಿದ್ದಾಗ ಕೊಳೆತ ಮೊಟ್ಟೆಯ ನಾತ. ಹೆಚ್ಚಾದಾಗ ಮೂಗೇ ಸತ್ತುಹೋಗಿ ವಾಸನೆಯೂ ತಿಳಿಯದು, ಅದೇ ಅದರ ಮೋಸ. ಅಲ್ಲಿಗೆ ಯಾರಾದರೂ ಆ್ಯಸಿಡ್ ಸುರಿದರೆ ಕೊಳೆಯಲ್ಲಿದ್ದ ಸಲ್ಫೈಡ್ ಒಮ್ಮೆಲೇ ಅನಿಲವಾಗಿ ಏಳುತ್ತದೆ. ಒಳಚರಂಡಿಗೆ ಬಿಡುವ ನೀರಿನ ಪಿಎಚ್ 5.5ರಿಂದ 9ರ ಒಳಗಿರಬೇಕು ಎಂಬ ಒಣ ಅಂಕಿಯ ಹಿಂದೆ ಕೊಳವೆಯ ಆಯಸ್ಸೂ ಇದೆ, ಕೆಳಗಿಳಿದವನ ಆಯಸ್ಸೂ ಇದೆ. ರಕ್ಷಣಾ ಸಾಧನವಿಲ್ಲದೆ ಯಾರನ್ನೂ ಮ್ಯಾನ್‌ಹೋಲಿಗೆ ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಹಾಗೆ ಸತ್ತವರ ಕುಟುಂಬಕ್ಕೆ ಕೊಡಬೇಕಾದ ಪರಿಹಾರವನ್ನು 2023ರಲ್ಲಿ ಸುಪ್ರೀಂ ಕೋರ್ಟು 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿತು. ಈ ಅಮಾನವೀಯತೆಯ ವಿರುದ್ಧ ಹೋರಾಟ ಕಟ್ಟಿ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಬೆಜವಾಡ ವಿಲ್ಸನ್ ಹುಟ್ಟಿದ್ದು ನಮ್ಮದೇ ಜಿಲ್ಲೆಯ ಕೆಜಿಎಫ್‌ನಲ್ಲಿ. ಜಿಡ್ಡು, ಪ್ಯಾಡು, ಮಳೆನೀರನ್ನೆಲ್ಲ ಕೊಳವೆಗೆ ತುಂಬಿ, ಕಟ್ಟಿಕೊಂಡಾಗ ಫೋನು ಮಾಡುವ ನಾವು, ಇಳಿಯಬಾರದ ಜಾಗಕ್ಕೆ ಇಳಿಯಬೇಕಾದ ಸಂದರ್ಭವನ್ನು ನಮ್ಮ ಅಡುಗೆಮನೆಯಿಂದಲೇ ಸೃಷ್ಟಿಸುತ್ತಿರುತ್ತೇವೆ.

ಕಳೆದ ಭಾನುವಾರ ಪ್ಲಂಬರನ್ನು ಕರೆಸಿ ತಾರಸಿಯ ಪೈಪನ್ನು ಯುಜಿಡಿಯಿಂದ ಬಿಡಿಸಿ ನೀರಿನ ಸಂಪ್ ತೊಟ್ಟಿಗೆ ತಿರುಗಿಸಿದೆ. ಪೈಪು, ಬೆಂಡು, ಕೂಲಿ ಸೇರಿ ಎರಡು ಸಾವಿರದ ನಾನ್ನೂರು ರೂಪಾಯಿ ಆಯಿತು. ಕೆಲಸ ಮುಗಿಸಿ ಮುಚ್ಚಳ ಹಾಕುವಾಗ ಪ್ಲಂಬರ್, "ಈ ಬೀದೀಲಿ ಇನ್ನೂ ಆರು ಮನೆಗೆ ಮಳೆನೀರಿನ ಪೈಪು ನಾನೇ ಯುಜಿಡಿಗೆ ಕೊಟ್ಟಿದೀನಿ ಸಾರ್" ಎಂದ. ಆ ಆರು ಮನೆಗಳ ಪಟ್ಟಿ ಈಗ ನನ್ನ ಜೇಬಿನಲ್ಲಿದೆ. ಮೊದಲನೆಯದು ನಮ್ಮ ಬಡಾವಣೆಯ ಸಂಘದ ಅಧ್ಯಕ್ಷರದು.