‘ಮಾರಾ’ ಎಂದರೆ ಮಾರಾಟವಲ್ಲ

ಗಣಕದಲ್ಲಿ ಮಾಹಿತಿ ಇಡುವ ದತ್ತಾಂಶ ಕೋಷ್ಟಕಗಳ ವಿಚಿತ್ರ ಹೆಸರುಗಳ ಕುರಿತ ಲೇಖನವೊಂದನ್ನು ಓದಿ ಮನಸಾರೆ ನಕ್ಕೆ. ಅದರಲ್ಲಿ, ಕಂಪನಿಗಳ ಲೆಕ್ಕ, ಸರಕು, ಮಾರಾಟ ನೋಡಿಕೊಳ್ಳುವ ತಂತ್ರಾಂಶ ತಯಾರಿಸುವ ಎಸ್‌ಎಪಿ ಬಿಟ್ಟುಹೋಗಿದೆ. 1972ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಸಂಸ್ಥೆಯಾದ್ದರಿಂದ ಅದರ ಹಲವು ಕೋಷ್ಟಕಗಳ ಹೆಸರುಗಳು ಇಂದಿಗೂ ಜರ್ಮನ್ ಪದಗಳ ತುಣುಕುಗಳೇ. ಪೂರೈಕೆದಾರರ ಸಂಖ್ಯೆ ಇರುವ ಕಾಲಂ ‘ಎಲ್‌ಐಎಫ್‌ಎನ್‌ಆರ್’. ಜರ್ಮನ್ನಿನಲ್ಲಿ ಪೂರೈಕೆದಾರನಿಗೆ ‘ಲೀಫರಾಂಟ್’ ಎನ್ನುತ್ತಾರೆ.

ಸರಕುಗಳ ಮೂಲ ವಿವರ ಇರುವ ‘ಎಂಎಆರ್‌ಎ’ ಕೋಷ್ಟಕವನ್ನು ನಮ್ಮ ತಂಡದಲ್ಲಿ ನಾವೆಲ್ಲ ‘ಮಾರಾ’ ಎಂದೇ ಕರೆಯುತ್ತಿದ್ದೆವು. ಹೊಸದಾಗಿ ಸೇರಿದ ಹುಡುಗನೊಬ್ಬ ಮಾರಾ ಎಂದರೆ ಮಾರಾಟವೇ ಇರಬೇಕೆಂದು ನಂಬಿ, ತಿಂಗಳ ಮಾರಾಟದ ಲೆಕ್ಕವನ್ನು ಎರಡು ದಿನ ಅದರಲ್ಲೇ ಹುಡುಕಿದ. ಮಾರಾಟದ ದಾಖಲೆಗಳಿದ್ದದ್ದು ‘ವಿಬಿಎಕೆ’ಯಲ್ಲಿ, ಅದರ ‘ವಿ’ ಜರ್ಮನ್ನಿನ ‘ಫೆರ್‌ಕೌಫ್’, ಅಂದರೆ ಮಾರಾಟ! ಇಡೀ ತಂಡ ಹೊಟ್ಟೆ ಹಿಡಿದುಕೊಂಡು ನಕ್ಕಿತು, ಅವನೂ ನಕ್ಕ. ಆದರೆ ಅವನ ಊಹೆಯಲ್ಲಿ ತಪ್ಪೇನಿತ್ತು? ಹೆಸರು ಕಂಡಾಗ ಮನಸ್ಸು ತಾಯ್ನುಡಿಯಲ್ಲೇ ಅರ್ಥ ಹುಡುಕುತ್ತದೆ. ಮರುದಿನ ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರು ನಲವತ್ತು ಹೆಸರುಗಳಿಗೆ ಜರ್ಮನ್ ಮೂಲ ಮತ್ತು ಕನ್ನಡ ಅರ್ಥ ಬರೆದು ಗೋಡೆಗೆ ಅಂಟಿಸಿದರು. ಆ ಹಾಳೆಯ ಮೊದಲ ಸಾಲಿನಲ್ಲಿದ್ದದ್ದು ‘ಮಾರಾ’.