‘ನೋಡ್ಕೊಂಡು ಓಡ್ಸಿ ಆಂಟಿ’ಯಂತೆ!

ಇವತ್ತು ಬೆಳಿಗ್ಗೆ ಏಳೂಕಾಲು. ಮೈಸೂರಿನ ಕುವೆಂಪುನಗರದ ಡಬಲ್ ರೋಡು. ಹಾಲು, ಎರಡು ಮೊಳ ಹೂವು, ಒಂದು ಕಟ್ಟು ದಂಟಿನ ಸೊಪ್ಪು ತಗೊಂಡು ನನ್ನ ಹಳೇ ಸ್ಕೂಟರ್‌ನಲ್ಲಿ ಮನೆಗೆ ಬರುತ್ತಿದ್ದೆ. ನಡುವೆ ಡಿವೈಡರ್ ಇರುವ ರಸ್ತೆ. ಸ್ಪೀಡು 25 ದಾಟಿರಲಿಕ್ಕಿಲ್ಲ. ಎದುರಿಗೆ ಒಬ್ಬ ಬಂದ. ಎದುರಿಗೆ ಅಂದರೆ ನನ್ನ ಕಡೆಯಲ್ಲೇ, ಉಲ್ಟಾ. ಒಂದು ಕೈಯಲ್ಲಿ ಫೋನು. ನಾನು ಎಡಕ್ಕೆ ಎಷ್ಟು ಒತ್ತಿಕೊಂಡರೂ ಅವನ ಹ್ಯಾಂಡಲ್ ನನ್ನ ಬಲಗಡೆಯ ಕನ್ನಡಿಗೆ ಬಡಿಯಿತು. ಕನ್ನಡಿ ಚೂರು, ಸೊಪ್ಪು ರಸ್ತೆ ಪಾಲು. ನಾನು ಕಾಲೂರಿ ನಿಂತೆ. ಬೀಳಲಿಲ್ಲ, ಪುಣ್ಯ.

ಅವನೂ ನಿಲ್ಲಿಸಿದ. ಸಾರಿ ಕೇಳುತ್ತಾನೆ ಅಂದುಕೊಂಡೆ. ‘ನೋಡ್ಕೊಂಡು ಓಡ್ಸಿ ಆಂಟಿ’ ಅಂದ. ಅಂದವನು ಹೊರಟೇ ಹೋದ. ಅದೂ ಉಲ್ಟಾ ದಿಕ್ಕಿನಲ್ಲೇ.

ಆಂಟಿ ಅಂದಿದ್ದಕ್ಕೆ ಬೇಜಾರಿಲ್ಲ, ನನಗೆ 52 ಆಯಿತು. ಆದರೆ ನಾನು ನೋಡಿಕೊಂಡು ಓಡಿಸಬೇಕಂತೆ! ಅದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಮೊದಲೇನು ಜನ ತಪ್ಪು ಮಾಡುತ್ತಿರಲಿಲ್ಲವಾ? ಮಾಡುತ್ತಿದ್ದರು. ಆದರೆ ನಾಲಿಗೆ ಕಚ್ಚಿಕೊಳ್ಳುತ್ತಿದ್ದರು. ಕೈ ಎತ್ತಿ ಒಂದು ಪೆಚ್ಚು ನಗೆ ನಕ್ಕು ಹೋಗುತ್ತಿದ್ದರು. ಈಗ ತಪ್ಪು ಮಾಡಿದವನೇ ಮೊದಲು ಬಯ್ಯುತ್ತಾನೆ. ನಾವು ಬಾಯಿ ತೆಗೆಯುವಷ್ಟರಲ್ಲಿ ನಮ್ಮದೇ ತಪ್ಪಾಗಿರುತ್ತದೆ.

ನಾನೇನು ಸಾಚಾ ಅಂತ ಹೇಳಿಕೊಳ್ಳುತ್ತಿಲ್ಲ. ಒಮ್ಮೆ ಮಗಳಿಗೆ ಜೋರು ಜ್ವರ, ಮೆಡಿಕಲ್ ಶಾಪ್ ಬಾಗಿಲು ಹಾಕುವ ಹೊತ್ತು, ಇಪ್ಪತ್ತು ಅಡಿ ಉಲ್ಟಾ ಹೋಗಿದ್ದೇನೆ. ಹೋಗುವಷ್ಟು ಹೊತ್ತೂ ಕಳ್ಳಿಯ ಹಾಗೆ ತಲೆ ತಗ್ಗಿಸಿಕೊಂಡಿದ್ದೆ. ಎದುರಿಗೆ ಬಂದವರಿಗೆ ಹಾರ್ನ್ ಹೊಡೆದು ‘ಜಾಗ ಬಿಡಿ’ ಅನ್ನುವ ಧೈರ್ಯ ನನಗಂತೂ ಬಂದಿರಲಿಲ್ಲ. ಇವರಿಗೆ ಅದು ಎಲ್ಲಿಂದ ಬರುತ್ತದೆ? ಯೂ ಟರ್ನ್ ತಗೊಂಡು ಬಂದರೆ ಹೆಚ್ಚೆಂದರೆ ಎರಡು ನಿಮಿಷ. ಆ ಎರಡು ನಿಮಿಷ ಉಳಿಸಿ ಏನು ಮಾಡುತ್ತಾರೆ ಅಂತ ಗೊತ್ತು. ಟೀ ಅಂಗಡಿ ಮುಂದೆ ಅರ್ಧ ಗಂಟೆ ನಿಂತಿರುತ್ತಾರೆ.

ಊಟ ತಂದುಕೊಡುವ ಹುಡುಗರನ್ನು ಎಲ್ಲರೂ ಬಯ್ಯುತ್ತಾರೆ. ನನಗೆ ಅವರ ಮೇಲೆ ಅಷ್ಟು ಸಿಟ್ಟು ಬರುವುದಿಲ್ಲ. ಪಾಪ, ಹತ್ತು ನಿಮಿಷ ತಡವಾದರೆ ನಾವೇ ಫೋನ್ ಮಾಡಿ ರೇಗುತ್ತೇವೆ, ಅಲ್ವಾ? ಸಿಟ್ಟು ಬರುವುದು ಯಾವ ಅವಸರವೂ ಇಲ್ಲದ ದೊಡ್ಡ ದೊಡ್ಡ ಕಾರಿನವರ ಮೇಲೆ. ಮೂವತ್ತು ಅಡಿಯ ಕ್ರಾಸು, ಬೀದಿ ದೀಪ ಬೇರೆ ಇದೆ, ಅಲ್ಲೂ ಹೈ ಬೀಮ್! ಎದುರಿಗೆ ಬರುವವರಿಗೆ ಗುಂಡಿಯೂ ಕಾಣದು, ಹಸುವೂ ಕಾಣದು. ಡಿಪ್ ಮಾಡಿ ಅಂತ ನಾನು ಲೈಟ್ ಮಿನುಗಿಸಿದರೆ ಅವರೂ ವಾಪಸ್ ಮಿನುಗಿಸುತ್ತಾರೆ. ಏನೋ ಶುಭಾಶಯ ಹೇಳಿದ ಹಾಗೆ. ಇನ್ನು ರಾಮಸ್ವಾಮಿ ಸರ್ಕಲ್‌ನಲ್ಲಿ ನಿಂತು ನೋಡಿ. ಕೆಂಪು ದೀಪ ಇನ್ನೂ ಹೋಗಿರುವುದಿಲ್ಲ, ಹಿಂದಿನಿಂದ ಹಾರ್ನ್ ಶುರು. ಮುಂದೆ ನಿಂತವರೇನು ಹಾರಿಕೊಂಡು ಹೋಗಬೇಕಾ?

ನಮ್ಮ ಅತ್ತೆಗೆ 78 ವರ್ಷ. ಡಬಲ್ ರೋಡಿನ ಆ ಕಡೆ ಒಂದು ಗಣಪತಿ ದೇವಸ್ಥಾನ ಇದೆ. ಸಂಕಷ್ಟಿ ಬಂದರೆ ಅವರು ಒಬ್ಬರೇ ನಡೆದುಕೊಂಡು ಹೋಗಿ ಬರುತ್ತಿದ್ದರು. ಅಲ್ಲಿ ಜೀಬ್ರಾ ಪಟ್ಟೆ ಬಳಿದಿದ್ದಾರೆ, ಅರ್ಧ ಅಳಿಸಿಹೋಗಿದೆ. ಪಟ್ಟೆ ಮೇಲೆ ನಡೆಯುವವರಿಗೆ ವಾಹನದವರು ದಾರಿ ಬಿಡಲೇಬೇಕು ಅಂತ 2017ರ ಕೇಂದ್ರದ ಚಾಲನಾ ನಿಯಮದಲ್ಲೇ ಇದೆ. ನಮ್ಮಲ್ಲಿ ಪಟ್ಟೆ ಮೇಲೆ ಕಾಲಿಟ್ಟವರನ್ನು ಕಂಡರೆ ಆಕ್ಸಿಲರೇಟರ್ ಇನ್ನೂ ಸ್ವಲ್ಪ ತಿರುಗಿಸುತ್ತಾರೆ. ಎರಡು ತಿಂಗಳ ಹಿಂದೆ ಒಬ್ಬ ಸೀರೆಯ ಸೆರಗಿಗೆ ತಾಗಿಸಿಕೊಂಡೇ ಹೋದ. ‘ಮನೇಲಿರೋಕಾಗಲ್ವಾ ಅಜ್ಜಿ’ ಅಂತ ಕೂಗಿದನಂತೆ. ಅವತ್ತಿನಿಂದ ಅತ್ತೆ ಆಟೋದಲ್ಲಿ ಹೋಗುತ್ತಾರೆ. ಆಟೋದವರು ಮುಂದೆ ಹೋಗಿ, ಯೂ ಟರ್ನ್ ತಗೊಂಡು, ಆ ಕಡೆ ಇಳಿಸಿ 40 ರೂಪಾಯಿ ತಗೊಳ್ಳುತ್ತಾರೆ. ನಮ್ಮ ಬೀದಿಯಿಂದ ದೇವಸ್ಥಾನದ ಗೋಪುರ ಕಾಣುತ್ತದೆ ಸ್ವಾಮಿ! ರಸ್ತೆ ದಾಟುವುದಕ್ಕೆ ಆಟೋ!

ಇವರಿಗೆಲ್ಲ ಭಯ ಯಾಕಿಲ್ಲ ಅಂತ ಕೇಳಿದರೆ ನಮ್ಮೆಜಮಾನರು ನಗುತ್ತಾರೆ. ದಂಡ ಬಿದ್ದರೆ ಇಂಥವರು ಕಟ್ಟುವುದಿಲ್ಲ, ರಿಯಾಯಿತಿ ಬರಲಿ ಅಂತ ಕಾಯುತ್ತಾರೆ. 2023ರ ಫೆಬ್ರುವರಿಯಲ್ಲಿ ಸರ್ಕಾರ ಬಾಕಿ ದಂಡಕ್ಕೆ ಶೇಕಡ 50 ರಿಯಾಯಿತಿ ಕೊಟ್ಟಿತು. 2025ರ ಆಗಸ್ಟ್‌ನಲ್ಲಿ ಮತ್ತೆ ಕೊಟ್ಟಿತು. ಆಷಾಢದ ಸೀರೆ ಸೇಲ್ ಇದ್ದ ಹಾಗೆ. ದುಡ್ಡು ವಸೂಲಾಗಲಿ ಅಂತ ಮಾಡಿದ್ದು, ಒಪ್ಪಿಕೊಳ್ಳೋಣ. ಆದರೆ ನೋಟಿಸ್ ಬಂದ ದಿನವೇ ಪೂರ್ತಿ ಕಟ್ಟಿದ ನಾನು ಪೆದ್ದಿ ಆದೆನಲ್ಲ? ಸ್ಟಾಪ್ ಲೈನ್ ಒಂದು ಅಡಿ ದಾಟಿದ್ದಕ್ಕೆ ಕಟ್ಟಿದ್ದು ಅದು.

ಪಕ್ಕದ ಬೀದಿಯಲ್ಲಿ ಒಬ್ಬ ಹುಡುಗ ಇದ್ದಾನೆ. ಇನ್ನೂ ಒಂಬತ್ತನೇ ಕ್ಲಾಸು. ಆಯುಧಪೂಜೆ ದಿನ ಅವರಪ್ಪ ಹೊಸ ಬೈಕಿಗೆ ಬಾಳೆಕಂದು ಕಟ್ಟಿ, ಕುಂಬಳಕಾಯಿ ಒಡೆದು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ಮಗನ ಕೈಯಲ್ಲೇ ಅದರ ಮೇಲೆ ಬೈಕ್ ಹತ್ತಿಸಿದರು. ಮಗ ಹಾಗೇ ಒಂದು ರೌಂಡ್ ಹೊಡೆದುಕೊಂಡು ಬಂದ. ಹೆಲ್ಮೆಟ್ ಇಲ್ಲ. 2019ರ ತಿದ್ದುಪಡಿಯ ಪ್ರಕಾರ ಮಕ್ಕಳ ಕೈಗೆ ಗಾಡಿ ಕೊಟ್ಟು ಸಿಕ್ಕಿಬಿದ್ದರೆ ಅಪ್ಪ ಅಮ್ಮನಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಅದನ್ನು ಮೆಲ್ಲಗೆ ಹೇಳಿದೆ. ‘ನಿಂಬೆಹಣ್ಣು ಇಟ್ಟಿದೀವಲ್ಲ ಮೇಡಂ, ಏನೂ ಆಗಲ್ಲ’ ಅಂದರು. 2022ರ ಒಂದೇ ವರ್ಷ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1.68 ಲಕ್ಷ ಜನ. ಅವರಲ್ಲಿ ಎಷ್ಟು ಜನರ ಗಾಡಿಗೆ ನಿಂಬೆಹಣ್ಣು ಇಟ್ಟಿದ್ದರೋ! ಹಬ್ಬದ ದಿನ ಅದನ್ನು ಹೇಳಲು ಮನಸ್ಸಾಗದೆ ಚರುಪು ತಗೊಂಡು ಸುಮ್ನೆ ಬಂದೆ.

ಹನ್ನೊಂದು ಗಂಟೆಗೆ ಕನ್ನಡಿ ಹಾಕಿಸಲು ಗ್ಯಾರೇಜಿಗೆ ಹೋದೆ. ಹೊಸದಕ್ಕೆ ಇನ್ನೂರೈವತ್ತಾಗುತ್ತದೆ ಅಂದ ಮೆಕ್ಯಾನಿಕ್. ನನ್ನ ಮುಖ ನೋಡಿ, ‘ಇರಿ ಮೇಡಂ’ ಅಂತ ಒಳಗಿನಿಂದ ಒಂದು ಗೋಣಿಚೀಲ ಎಳೆದುಕೊಂಡು ಬಂದ. ಅದರ ತುಂಬ ಕನ್ನಡಿಗಳು. ಒಂದು ಗೀರೂ ಇಲ್ಲ, ಕೆಲವಕ್ಕೆ ಪ್ಲಾಸ್ಟಿಕ್ ಕವರ್ ಕೂಡ ತೆಗೆದಿಲ್ಲ.

‘ಇಷ್ಟೊಂದು ಎಲ್ಲಿಂದಪ್ಪಾ?’

‘ಹುಡುಗರದು ಮೇಡಂ. ಹೊಸ ಗಾಡಿ ತಗೊಂಡು ಸೀದಾ ಇಲ್ಲಿಗೆ ಬರ್ತಾರೆ. ಲುಕ್ ಹಾಳಾಗುತ್ತೆ, ಬಿಚ್ಚಿಡಿ ಅಂತಾರೆ. ವಾಪಸ್ ಯಾರೂ ಕೇಳಲ್ಲ.’

ನನ್ನ ಗಾಡಿಗೆ ಕೂರುವಂಥದ್ದು ಒಂದು ಸಿಕ್ಕಿತು. 80 ರೂಪಾಯಿ ತಗೊಂಡ.